ಹತ್ತನೆಯ ಮನೆ

"ಗೋವಿಂದಮ್ಮನವರೇ, ನೀವು ಮನೆ ಆರಿಸಿದ್ದು ನಾನು ಹೇಳಿದ ಲೆಕ್ಕದಲ್ಲೋ, ಕಾಫಿ ಕೊಡೋರ ಲೆಕ್ಕದಲ್ಲೋ?"

ಕೇಳಿದವನು ಅವಳ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ರೇಷನ್ ಕಚೇರಿಯ ಅಂಜನಮೂರ್ತಿಯನ್ನು ಗೋವಿಂದಮ್ಮ ಕಣ್ಣಾರೆ ಕಂಡದ್ದು ಅದೇ ಮೊದಲು. ಮೂರು ವಾರಗಳಿಂದ ಅವಳಿಗೆ ಗೊತ್ತಿದ್ದದ್ದು ಅವನ ಹಸಿರು ಶಾಯಿ ಮಾತ್ರ. ಹಲಸೂರಿನ ಮನೆಗಳಲ್ಲಿ ಅಕ್ಕಿ ಎಷ್ಟಿದೆ ಎಂದು ವಿಚಾರಿಸಿ ಅವಳು ಕಳಿಸುತ್ತಿದ್ದ ಹಾಳೆಗಳ ಅಂಚಿನಲ್ಲಿ ಅವನು ಬರೆದು ಹಿಂದಿರುಗಿಸುತ್ತಿದ್ದ:

"ಮನೆ ನಂಬರು ಅಂಕಿಯಂತೆ ಕಂಡರೂ ಅದು ಬರೀ ಹೆಸರು. ಕೂಡಿ ಸರಾಸರಿ ತೆಗೆಯಬೇಡಿ!"

ಇನ್ನೊಮ್ಮೆ: "ಹಸಿವನ್ನು ಕಡಿಮೆ, ಹೆಚ್ಚು, ತುಂಬಾ ಹೆಚ್ಚು ಎಂದು ಸಾಲಾಗಿ ಇಡಬಹುದು. ಅಳೆಯಲು ಆಗುವುದಿಲ್ಲ. ಅಳೆಯಬಹುದಾದದ್ದು ಅಕ್ಕಿ."

ಆ ಸಾಲುಗಳನ್ನು ಅವಳು ಎಷ್ಟು ಸಲ ಓದಿದ್ದಳೋ... ಬರೆದವರು ನರೆತ ಮೀಸೆಯ ಮೇಷ್ಟರಿರಬೇಕು ಎಂದುಕೊಂಡಿದ್ದಳು. ಎದುರಿಗಿದ್ದವನಿಗೋ ಇಪ್ಪತ್ತಾರೂ ದಾಟಿರಲಿಲ್ಲ!

"ಹತ್ತನೇ ಮನೆ, ಇಪ್ಪತ್ತನೇದು, ಮೂವತ್ತನೇದು... ನೀವು ಹೇಳಿದ ಹಾಗೇ ಹೋಗಿದೀನಿ."

"ಹಾಗಾದ್ರೆ ಎಲ್ಲವೂ ಮಾಳಿಗೆ ಮನೆ ಹ್ಯಾಗಾಯ್ತು? ಈ ನಲವತ್ತಾರರ ಬರದಲ್ಲಿ ಎಲ್ಲರ ಮನೇಲೂ ಅಕ್ಕಿ ಇದೆಯಾ? ನಾಳೆ ಈ ವರದಿ ಹೋದ್ರೆ ನಿಮ್ಮ ಬೀದಿಗೆ ಹೆಚ್ಚಿನ ಅಕ್ಕಿ ಬರೋದಿಲ್ಲ, ಗೊತ್ತಾ? ಇಷ್ಟ ಬಂದ ಮನೆ ಆರಿಸೋರಿಗೆ ಇಲ್ಲಿ ಕೆಲಸ ಇಲ್ಲ."

'ಇವರ ಅಕ್ಷರಕ್ಕಾ ನಾನು ದಿನಾ ಕಾಯ್ತಿದ್ದದ್ದು!' ಕಣ್ಣು ತುಂಬಿತು. ಆದರೂ ಅವಳು ತಲೆ ಎತ್ತಿದಳು.

"ಈಗಲೇ ನಡೀರಿ ನನ್ನ ಜೊತೆ. ನನ್ನ ಹಾಳೆ ಸುಳ್ಳಾಗಿದ್ರೆ ನಾನೇ ಕೆಲಸ ಬಿಡ್ತೀನಿ."

ಕೆರೆಯ ಹಿಂದಿನ ಬೀದಿಯಲ್ಲಿ ಅವಳು ಅವನಿಂದಲೇ ಗಟ್ಟಿಯಾಗಿ ಎಣಿಕೆ ಮಾಡಿಸಿದಳು. ಒಂಬತ್ತು ಮನೆಗೂ ತಗಡಿನ ಮಾಡು, ಒಂದೊಂದೇ ಕೋಣೆ. ಹತ್ತನೆಯದು ಮೂಲೆಯ ಮಾಳಿಗೆ ಮನೆ. ಅದರ ಕಿಟಕಿಯಿಂದ ಆ ಮನೆಯ ಬಿಲ್ಕೀಸ್ ಆಪಾ, ಬೀದಿಗೆಲ್ಲ ಅಕ್ಕನಂತಿದ್ದವರು, ಇಣುಕಿದರು.

"ಯಾರಮ್ಮ ಈ ಸಾಹೇಬರು? ಜೋಡಿಯಾಗಿ ಬಂದ್ಬಿಟ್ಟಿದೀಯಲ್ಲ!"

"ಲೆಕ್ಕದೋರು, ಆಪಾ."

"ಲೆಕ್ಕದೋರ ಮುಖ ಯಾಕೆ ಹುಣಿಸೇಹಣ್ಣು ತಿಂದ ಹಾಗಿದೆ?"

ಅವನು ಎಣಿಸುತ್ತಲೇ ಹೋದ. ಇಪ್ಪತ್ತು... ಮತ್ತೆ ಮೂಲೆ, ಮತ್ತೆ ಮಾಳಿಗೆ. ಮೂವತ್ತು... ಅಲ್ಲೂ ಅದೇ! ಅವನು ನಿಂತುಬಿಟ್ಟ.

"ಒಂದೊಂದು ಸಾಲಿಗೂ ಹತ್ತೇ ಮನೆ. ಮೂಲೆಯಲ್ಲೇ ಅನುಕೂಲಸ್ಥರು... ಪ್ರತಿ ಸಲ ನಿಮ್ಮನ್ನ ಮೂಲೆಗೆ ಕಳಿಸಿದ್ದು ನಾನು!"

ಗೆದ್ದೆ ಎಂದು ಕುಣಿಯಬೇಕಿತ್ತು. ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು.

"ಈಗೇನ್ಮಾಡ್ತೀರಿ?"

"ಚೀಟಿ ಎತ್ತೋಣ. ಪ್ರತಿ ಮನೆಗೂ ಒಂದು ಚೀಟಿ. ಬಡವರಿಗೂ ಮಾಳಿಗೆಯವರಿಗೂ ಒಂದೇ ಅವಕಾಶ."

ಬಿಲ್ಕೀಸ್ ಆಪಾ ಚೀಟಿ ಹಾಕಲು ಪಾತ್ರೆ ಕೊಟ್ಟರು. ಇಬ್ಬರೂ ಚೀಟಿ ಎತ್ತಿ, ಬಂದ ಮನೆಗಳಿಗೆಲ್ಲ ಹೋಗಿ ಅಕ್ಕಿ ಅಳೆದರು. ಹಲವು ಮನೆಗಳಲ್ಲಿ ಅಳೆಯುವುದಕ್ಕೆ ಒಂದು ಸೇರೂ ಇರಲಿಲ್ಲ.

ಸಂಜೆ ಜಗಲಿಯ ಮೇಲೆ ಕುಳಿತು ಅವನು ಬರೆದದ್ದನ್ನು ಓದಿದ: "ಮೊದಲ ಪಟ್ಟಿ ತಪ್ಪು. ಅದು ಮನೆ ಎಣಿಸಿದವರ ತಪ್ಪಲ್ಲ, ವಿಧಾನ ಹೇಳಿಕೊಟ್ಟ ನನ್ನದು."

"ಹೀಗೆ ಬರೆದ್ರೆ ಮೇಲಿನೋರು ಬೈಯೋದಿಲ್ವಾ?"

"ಬೈಲಿ. ಬೀದಿಗೆ ಅಕ್ಕಿ ಬರುತ್ತೆ." ಅವನ ದನಿ ತಗ್ಗಿತು. "ನಿಮ್ಮ ಹಾಳೆ ಬಂದ ದಿನ ನಾನು ಊಟ ಮರೆತು ಓದ್ತಿದ್ದೆ. ನೀವು ಸುಳ್ಳು ಬರೆದಿರಬಹುದು ಅಂತ ಅನ್ನಿಸಿದಾಗ... ತಡ್ಕೊಳ್ಳೋಕಾಗ್ಲಿಲ್ಲ. ಕ್ಷಮಿಸಿ."

 ಆ ಸಂಜೆ ಬೀದಿಯ ತಗಡುಗಳೆಲ್ಲ ಅವಳಿಗೆ ಬೆಳ್ಳಿಯಂತೆ ಕಂಡವು!

ಎಂಟನೆಯ ದಿನ ಹೆಚ್ಚಿನ ಅಕ್ಕಿಯ ಆಜ್ಞೆ ಬಂತು. ಅದನ್ನು ಹೇಳಲು ಅಂಜನಮೂರ್ತಿ ತಾನೇ ಅವಳ ಬಾಗಿಲಿಗೆ ಬಂದ. ಹೇಳಿ ಮುಗಿದರೂ ನಿಂತೇ ಇದ್ದ.

"ನಿಮ್ಮ ತಂದೆಯವರ ಹತ್ರ ಮಾತಾಡ್ಬೇಕಿತ್ತು..."

"ಏನಂತ?"

"ನನ್ನ ತಪ್ಪನ್ನ ನನ್ನ ಮುಖಕ್ಕೇ ಹೇಳೋರು ಒಬ್ಬರು ಮನೇಲಿ ಬೇಕು ಅಂತ."

ಅವಳ ಕೆನ್ನೆ ಬಿಸಿಯಾಯಿತು. "ದಿನಾ ತಪ್ಪು ಮಾಡಿದ್ರೆ?"

"ದಿನಾ ಹೇಳಿ."

"ಹಾಗಾದ್ರೆ ಇವತ್ತಿಂದಲೇ ಶುರು. ಅಪ್ಪ ಮನೇಲಿರೋದು ಭಾನುವಾರ. ಇವತ್ತು ಗುರುವಾರ!"

"ಭಾನುವಾರದವರೆಗೂ ಕಾಯ್ಬೇಕಾ?"

ಗೋವಿಂದಮ್ಮ ಬಾಗಿಲನ್ನು ಪೂರ್ತಿ ತೆರೆದಳು.

"ಕಾಯ್ಬೇಡಿ... ಅಮ್ಮ ಒಳಗಿದಾರೆ. ಬನ್ನಿ."