ಸೂರ್ಯನಿಲ್ಲದ ಗ್ರಹಗಳು ಮತ್ತು ಒಂದು ವರ್ಗಾವಣೆ ಅರ್ಜಿ

"ಅವಕ್ಕೆ ಚಳಿ ಆಗಲ್ವಾ?"

ಪ್ರಶ್ನೆ ಬಾಯಿಂದ ಜಾರಿದ ಮೇಲೆಯೇ ಪ್ರತೀಕ್ಷಾಗೆ ತಾನು ಕನ್ನಡದಲ್ಲಿ ಕೇಳಿದ್ದು ಗೊತ್ತಾಯಿತು! ತೆಲುಗು ನಾಡಿನ ಗಾಜುವಾಕದ ಗ್ರಂಥಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಅವಳಿಗೆ ಎದ್ದು ಓಡಿಬಿಡಬೇಕೆನಿಸಿತು.

ಯಾವ ನಕ್ಷತ್ರವನ್ನೂ ಸುತ್ತದೆ ಒಂಟಿಯಾಗಿ ಅಲೆಯುವ ಗ್ರಹಗಳ ಬಗ್ಗೆ ತೆಲುಗಿನಲ್ಲಿ ಹೇಳುತ್ತಿದ್ದ ಭೌತಶಾಸ್ತ್ರದ ಲೆಕ್ಚರರ್ ಫಣಿ ಮಾತ್ರ ನಗಲಿಲ್ಲ.

"ಆಗುತ್ತೆ ಅಂಡಿ," ಎಂದ, ತೆಲುಗಿನ ಗೌರವದ 'ಅಂಡಿ' ಬಿಡದ, ತಡವರಿಸುವ ಕನ್ನಡದಲ್ಲಿ. "ಆದ್ರೆ ಹುಟ್ಟಿದಾಗಿನ ಬಿಸಿ ಒಳಗೆ ತುಂಬಾ ಕಾಲ ಉಳಿಯುತ್ತೆ. ಬಾಹ್ಯಾಕಾಶದಲ್ಲಿರೋ ವೆಬ್ ಟೆಲಿಸ್ಕೋಪ್‌ಗೆ ಕಾಣೋದು ಆ ಬಿಸಿನೇ."

ವರ್ಗವಾಗಿ ಬಂದ ಏಳು ತಿಂಗಳಲ್ಲಿ, ತುಮಕೂರಿನ ಈ ಬ್ಯಾಂಕ್ ಅಧಿಕಾರಿಯೊಂದಿಗೆ ಮುಖಾಮುಖಿ ಯಾರೋ ಕನ್ನಡ ಆಡಿದ್ದು ಅದೇ ಮೊದಲು. ಉಪನ್ಯಾಸ ಮುಗಿದ ಮೇಲೂ ಅವಳು ಹೊರಡದೆ ಅವನಿಗಾಗಿ ಕಾದಳು.

ಫಣಿಯ ತಂದೆ ಹಾಸನದಿಂದ ಉಕ್ಕಿನ ಕಾರ್ಖಾನೆಗೆ ಬಂದವರು. ಅವನು ಹುಟ್ಟಿದ್ದೇ ಇಲ್ಲಿ. ಆಮೇಲಿನ ಭಾನುವಾರಗಳಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಅವನು ಆಕಾಶ ಹೇಳಿಕೊಟ್ಟ, ಅವಳು ಅವನ ಕನ್ನಡ ತಿದ್ದಿದಳು.

"ಸತ್ತ ನಕ್ಷತ್ರಗಳು ಗಿರಗಿರ ತಿರುಗ್ತಾ ರೇಡಿಯೋ ಮಿಡಿತ ಕಳಿಸ್ತಾವೆ, ಗಡಿಯಾರದ ಹಾಗೆ. ಆ ಮಿಡಿತ ಒಂಚೂರು ಮುಂಚೆ, ಒಂಚೂರು ತಡ ಆಗ್ತಿತ್ತು. ಹದಿನೈದು ವರ್ಷ ಅಳೆದ್ರು. ಬಾಹ್ಯಾಕಾಶವೇ ಮೆಲ್ಲಗೆ ಅಲೆಯಾಡ್ತಿದೆ ಅನ್ನೋದಕ್ಕೆ ಪುರಾವೆ ಸಿಕ್ತು. ಬಹುಶಃ ದೈತ್ಯ ಕಪ್ಪುಕುಳಿಗಳು ಜೋಡಿಯಾಗಿ ಸುತ್ತೋದ್ರಿಂದ."

"ಹದಿನೈದು ವರ್ಷ ಕಾಯ್ತಾರಾ?"

"ಕಾಯ್ತಾರೆ..." ಎಂದವನು ಅವಳನ್ನೇ ನೋಡಿದ. ಟೀ ಆರಿತು.

'ಇಷ್ಟೆಲ್ಲ ಹೇಳ್ತಾನೆ, ಹೇಳಬೇಕಾದ್ದೊಂದು ಬಿಟ್ಟು!' ಎಂದುಕೊಂಡಳು. ತಾನೂ ಹೇಳಿರಲಿಲ್ಲ, ಆ ಮಾತು ಬೇರೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಒಂದು ಮೆಸೇಜ್ ಬಂತು. 'ವಿಜಯವಾಡದ ಕಾಲೇಜಿಗೆ ಸೇರಿದೆ. ನಿಮಗೆ ಒಳ್ಳೆಯದಾಗಲಿ.'

ಅಷ್ಟೇ! ಫೋನ್ ಮಾಡಿದರೆ ಎತ್ತಲಿಲ್ಲ.

ನಾಲ್ಕು ತಿಂಗಳು... ಬಾಡಿಗೆ ಫ್ಲಾಟಿನಲ್ಲಿ ಒಬ್ಬಳಿಗೇ ಅಂತ ಅನ್ನಕ್ಕಿಡುವುದು, ಪಕ್ಕದ ಮನೆಯ ಸೀರಿಯಲ್ ಗೋಡೆಯಾಚೆಯಿಂದ ಕೇಳುವುದು, ಅಮ್ಮ ಫೋನಿನಲ್ಲಿ "ಊಟ ಆಯ್ತಾ?" ಎಂದಾಗ ಆಯ್ತು ಎನ್ನುವುದು. ಆಗಿರುತ್ತಿರಲಿಲ್ಲ. 'ನಾನೇನು ತಪ್ಪು ಮಾಡಿದೆ?' ಎಂದು ಎಷ್ಟು ಸಲ ಕೇಳಿಕೊಂಡಳೋ!

ಒಂದು ಶನಿವಾರ ತುಮಕೂರಿಗೆ ವರ್ಗಾವಣೆಯ ಆದೇಶ ಬಂತು. ಕ್ಯಾಷಿಯರ್ ಸಾಯಿಕಿರಣ್ ಕೈಕುಲುಕಿ ತೆಲುಗಿನಲ್ಲಿ ಹೇಳಿದ, "ಮೇಡಂ ಊರಿಗೆ ಅರ್ಜಿ ಹಾಕಿದ್ದಾರೆ, ಇಲ್ಲಿ ನಿಲ್ಲೋದಿಲ್ಲ ಅಂತ ಫಣಿ ಗಾರು ಬ್ಯಾಂಕಿಗೆ ಬಂದು ಕೇಳಿದಾಗ, ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದೆ!"

ಅಯ್ಯೋ ದೇವರೇ!

ಹೊರರಾಜ್ಯದಲ್ಲಿರುವ ಪ್ರತಿ ಕನ್ನಡಿಗ ಅಧಿಕಾರಿಯೂ ವರ್ಷಕ್ಕೊಮ್ಮೆ ಆ ಅರ್ಜಿ ತುಂಬುತ್ತಾನೆ. ಸಿಕ್ಕರೆ ಸಿಗಲಿ ಎನ್ನುವ ರೂಢಿ, ಅಷ್ಟೇ. ಅವಳು ತುಂಬಿದ್ದು ಫಣಿಯ ಮುಖ ನೋಡುವುದಕ್ಕೂ ಮೊದಲು!

ಈಗ ಬೇಡವೆಂದರೆ ಎರಡು ವರ್ಷ ಮತ್ತೆ ಕೇಳುವಂತಿಲ್ಲ. ಅವನಿಗೆ ಈಗ ತಾನು ಬೇಡವಾಗಿದ್ದರೆ? ಆದರೂ 'ಈ ವರ್ಗಾವಣೆ ಬೇಡ' ಎಂದು ಬರೆದು ಕಳಿಸಿಯೇಬಿಟ್ಟಳು.

ಸಾಯಿಕಿರಣ್‌ನಿಂದ ಕಾಲೇಜಿನ ಹೆಸರು ತಿಳಿದುಕೊಂಡು, ಮರುದಿನ ಬೆಳಗಿನ ರೈಲು ಹತ್ತಿ ಇಳಿಹೊತ್ತಿಗೆ ವಿಜಯವಾಡದ ಆ ಕಾಲೇಜು ತಲುಪಿದಳು. ಭಾನುವಾರ ಸಂಜೆ ಊರವರಿಗಾಗಿ ಇಟ್ಟುಕೊಂಡಿದ್ದ ಉಪನ್ಯಾಸಕ್ಕೆ ಪ್ರೊಜೆಕ್ಟರ್ ಜೋಡಿಸುತ್ತಿದ್ದವನ ಕೈಯಿಂದ ವೈರ್ ಜಾರಿತು.

"ಪ್ರತೀಕ್ಷಾ ಗಾರು! ಊರಿಗೆ... ಹೋಗ್ಲಿಲ್ವಾ?"

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಕೇಳಿದ್ರೆ ಉಳ್ಕೊಂಡುಬಿಡ್ತೀರಿ ಅಂತ ಭಯ." ಅವನ ಕಣ್ಣು ಕೆಂಪಾಯಿತು. "ನಮ್ಮಮ್ಮ ಅಪ್ಪನಿಗೋಸ್ಕರ ಉಳ್ಕೊಂಡ್ರು. ಮೂವತ್ತು ವರ್ಷ ಕಾರ್ಖಾನೆ ಟೌನ್‌ಶಿಪ್ ಮನೆ ಕಿಟಕಿ ಹತ್ರ ಕೂತು ಹಾಸನ, ಹಾಸನ ಅಂತಿದ್ರು. ನಿಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಾಗಲ್ಲ. ಇಷ್ಟ ಇತ್ತು, ಅದಕ್ಕೇ ಓಡಿ ಬಂದೆ."

"ನಿಮ್ಮಮ್ಮನ್ನ ಯಾರೂ ಕೇಳಿರಲಿಲ್ಲ ಫಣಿ. ನನ್ನ ನಾನೇ ಕೇಳ್ಕೊಂಡೆ. ನಿನ್ನೆ ವರ್ಗಾವಣೆ ಬೇಡ ಅಂತ ಬರೆದೆ."

"ನಿನ್ನೆಯೇ? ನಾನು ಬೇಡ ಅಂದಿದ್ರೆ?"

"ಎರಡು ವರ್ಷ ಗಾಜುವಾಕದಲ್ಲಿ ಒಬ್ಬಳೇ ಅಳ್ತಿದ್ದೆ."

ಅವನು ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ನಾನು ಗಾಜುವಾಕಕ್ಕೇ ವಾಪಸ್ ಬರ್ತೀನಿ. ಎರಡು ವರ್ಷ ಆದ್ಮೇಲೆ?"

"ಅರ್ಜಿ ಬಂದಾಗ ಇಬ್ರೂ ಒಟ್ಟಿಗೆ ಕೂತು ಯೋಚನೆ ಮಾಡೋಣ," ಎಂದಳು ಪ್ರತೀಕ್ಷಾ, ಅಳುತ್ತಲೇ ನಗುತ್ತಾ. "ಆದ್ರೆ ಇನ್ಮೇಲೆ ಸಾಯಿಕಿರಣ್ ಹತ್ರ ಏನೂ ಕೇಳ್ಬೇಡಿ. ನನ್ನನ್ನೇ ಕೇಳಿ."