ಗಿರಿಜವ್ವನ ಕಾಗದದ ಗಂಟು

ನವೆಂಬರ್ ಹತ್ತು, ಸೋಮವಾರ ಮಧ್ಯಾಹ್ನ ಶಿರಸಿಯ ಠಾಣೆಗೆ ಬಂದ ದೂರು ಕಳವಿನದೇ. ಆದರೂ ಅದನ್ನು ಬರೆದುಕೊಳ್ಳಲು ರೈಟರ್ ಒದ್ದಾಡಿಹೋದ. ಅಡಿಕೆ ಮೂಟೆ, ಬೈಕು, ಪಂಪ್‌ಸೆಟ್ಟು ಕಳೆದರೆ ಅವನ ಪೆನ್ನು ತಾನಾಗಿಯೇ ಓಡುತ್ತದೆ. ಇಲ್ಲಿ ಹೋದದ್ದು ನೂರು ವರ್ಷದಷ್ಟು ಹಳೆಯ ಕಾಗದಗಳ ಒಂದು ಗಂಟು.

ದೂರು ತಂದವರು ಸೌಮ್ಯ ನಾಯ್ಕ, ಕಾಲೇಜಿನಲ್ಲಿ ಇತಿಹಾಸ ಕಲಿಸುವವರು.

"ಅಂದಾಜು ಬೆಲೆ?" ರೈಟರ್ ಕೇಳಿದ.

"ಅದಕ್ಕೆಲ್ಲ ಬೆಲೆ ಕಟ್ಟೂಕೆ ಬರ್ತದಾ?"

"ಏನಾದ್ರೂ ಬರೀದಿದ್ರೆ ಕೇಸು ನಿಲ್ಲೂದಿಲ್ಲ ಮೇಡಂ."

ಮಾತು ಏರುತ್ತಿರುವುದು ಕೇಳಿ ಇನ್‌ಸ್ಪೆಕ್ಟರ್ ನಾಗಪತಿ ಹೊರಗೆ ಬಂದರು. ಯಲ್ಲಾಪುರದ ವಜ್ರಳ್ಳಿ ಕಡೆಯ ಮನುಷ್ಯ, ಅವಸರ ಎಂದರೆ ಏನೆಂದು ತಿಳಿಯದವರು ಎಂದು ಠಾಣೆಯವರು ಹಿಂದಿನಿಂದ ನಗುವುದುಂಟು. ಅವರು ಸೌಮ್ಯರನ್ನು ಒಳಗೆ ಕೂರಿಸಿ, ಚಹಾ ತರಿಸಿ, ಮೊದಲಿನಿಂದ ಹೇಳಿ ಎಂದರು.

ಕಾಗದಗಳು ಗಿರಿಜವ್ವ ಎಂಬ ಹೆಂಗಸಿನವು. ಬ್ರಿಟಿಷರ ಕಾಲದಲ್ಲಿ ಧಾರವಾಡಕ್ಕೆ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತು ಬಂದವಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸರ್ಕಾರಿ ದವಾಖಾನೆಗಳಲ್ಲಿ ನರ್ಸಾಗಿ ದುಡಿದಳು. ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಲ್ನಡಿಗೆ. ಎಲ್ಲ ಜಾತಿಯವರ ಮನೆಯಲ್ಲೂ ಹೆರಿಗೆ ಮಾಡಿಸುತ್ತಾಳೆಂದು ಗಂಡ ಅವಳನ್ನು ಮನೆಯಿಂದ ಹೊರಗಿಟ್ಟ. ಕೆಲಸ ಬಿಡದೆ ಒಬ್ಬಳೇ ಮಗನನ್ನು ಬೆಳೆಸಿದಳು. ಅವಳ ಟ್ರಂಕನ್ನು ಮರಿಮಗ ಶರಣ ಸೌಮ್ಯರಿಗೆ ಕೊಟ್ಟಿದ್ದ. ಮುಂದಿನ ಭಾನುವಾರ ಊರಿನ ಸಭಾಭವನದಲ್ಲಿ ಅವಳ ಕುರಿತು ಸೌಮ್ಯ ಬರೆದ ಪುಸ್ತಕದ ಬಿಡುಗಡೆ, ಜೊತೆಗೆ ಆ ಕಾಗದಗಳ ಪ್ರದರ್ಶನ.

"ಫೋಟೋ ತೆಗೆದಿಟ್ಟಿದೀರಾ?"

"ಎಲ್ಲಾದ್ದೂ ಇದೆ ಸರ್. ಆದ್ರೆ ಫೋಟೋ ಬೇರೆ, ಅವಳ ಕೈಯಲ್ಲಿದ್ದ ಕಾಗದ ಬೇರೆ. ನಂಬಿ ಕೊಟ್ಟ ವಸ್ತು ಅದು."

ಎಫ್‌ಐಆರ್ ದಾಖಲಾಯಿತು. ಬೆಲೆಯ ಜಾಗದಲ್ಲಿ ರೈಟರ್ ಏನೋ ಒಂದು ಬರೆದುಕೊಂಡ.

ಮೂರು ಗಂಟೆಗೆ ಸ್ಥಳ ಪಂಚನಾಮೆ. ಸಭಾಭವನದ ಮೇಜಿನ ಮೇಲೆ ತಗಡಿನ ಟ್ರಂಕು ಹಾಗೇ ಇತ್ತು. ಬೆಳಿಗ್ಗೆ ಸೌಮ್ಯ ಮತ್ತು ಪ್ರದರ್ಶನ ಜೋಡಿಸಲು ಬಂದಿದ್ದ ಕಾಲೇಜಿನ ಹುಡುಗಿಯರು ತಿಂಡಿಗೆಂದು ಹೋಗಿದ್ದಾಗ ಬಾಗಿಲು ಬರೀ ಎಳೆದಿತ್ತಷ್ಟೆ. ಒಳಗೆ ನೇಮಕಾತಿ ಆದೇಶ, ಪ್ರಮಾಣಪತ್ರ, ಬೆಳ್ಳಿಯ ಪದಕ ಎಲ್ಲ ಇದ್ದವು. ಕೆಂಪು ಇಳಕಲ್ ಬಟ್ಟೆಯಲ್ಲಿ ಸುತ್ತಿದ್ದ ಪತ್ರಗಳ ಗಂಟು ಮಾತ್ರ ಇರಲಿಲ್ಲ.

"ಬೆಳ್ಳಿ ಬಿಟ್ಟು ಕಾಗದ ಒಯ್ಯೂ ಕಳ್ಳ ಯಾವನಪ್ಪ?" ಎಂದರು ನಾಗಪತಿ.

ಹೆಡ್ ಕಾನ್‌ಸ್ಟೆಬಲ್ ಚನ್ನಯ್ಯ ಟ್ರಂಕಿನ ಮುಚ್ಚಳದ ಹತ್ತಿರ ಬಗ್ಗಿದರು. ಬಣ್ಣ ಹೋದ ತಗಡಿನ ಮೇಲೆ ಬೆಳ್ಳಗೆ ಮೂರು ಅಡ್ಡಗೆರೆ. ಒಳಗೆ, ಗಂಟು ಇದ್ದ ಜಾಗದಲ್ಲಿ, ಒಂದು ಬಿಲ್ವಪತ್ರೆ.

"ಸರ, ಇದು ವಿಭೂತಿ. ಬಂದಾಂವ ಕಳ್ಳ ಅಲ್ರಿ. ನಮ್ಮ ಮಂದಿ ಪೈಕಿ ಯಾರೋ. ಹಿರೇರ ಪೆಟಗಿಗೆ ಹಂಗ ಕೈ ಹಾಕಾಕ ಮನಸು ಬಂದಿಲ್ಲ. ಪೂಜಿ ಮಾಡಿ ಒಯ್ದಾರ."

ಚನ್ನಯ್ಯ ಹಾವೇರಿ ಕಡೆಯ ಲಿಂಗಾಯತರು, ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಸಭಾಭವನದ ಮೆಟ್ಟಿಲು ಕಾಣುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ ಬರಿಗೈಯಲ್ಲಿ ಹತ್ತಿದ್ದರು, ಸೆರಗಿನೊಳಗೆ ಏನನ್ನೋ ಅವುಚಿಕೊಂಡು ಇಳಿದಿದ್ದರು. ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡದ್ದೂ ಕಾಣಿಸಿತು. ಯಾವ ಕಳ್ಳನೂ ಅಷ್ಟು ನಿಧಾನವಾಗಿ ಓಡಿಹೋದದ್ದನ್ನು ನಾಗಪತಿ ನೋಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಸಿದ್ದಾಪುರಕ್ಕೆ ಹೋದರು. ಶರಣನದು ಅಲ್ಲಿ ಮೋಟಾರು ರಿಪೇರಿ ಅಂಗಡಿ. ನಾಗಪತಿಯವರ ಮೊಬೈಲಿನಲ್ಲಿ ಕ್ಯಾಮೆರಾದ ಚಿತ್ರ ನೋಡಿ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಯಾರು?"

"ನಮ್ಮತ್ತಿ. ಅಪ್ಪನ ಅಕ್ಕ, ಮಹೇಶ್ವರಿ. ಎಕ್ಕಂಬಿಯಾಗ ಇರ್ತಾಳ್ರಿ."

"ಟ್ರಂಕು ಕೊಡೂವಾಗ ಅವರನ್ನ ಕೇಳಿದ್ಯಾ?"

"ಇಲ್ರಿ. ಹೆಸರಾಗತೈತಿ, ಖುಷಿ ಪಡ್ತಾಳ ಅನ್ಕೊಂಡಿದ್ದೆ. ಹೋದ ವಾರ ಕಾರ್ಡು ಕೊಟ್ಟೆ. ಓದಿದ್ಲು, ಮಾತಾಡಲಿಲ್ಲ. ಚಾ ಸುದ್ಧಾ ಕೊಡಲಿಲ್ಲ."

ಅವನು ಆಮಂತ್ರಣ ಪತ್ರಿಕೆಯನ್ನು ತೋರಿಸಿದ. ಸುತ್ತ ಹೂಬಳ್ಳಿ, ನಡುವೆ ಗಿರಿಜವ್ವನ ಫೋಟೋ, ಕೆಳಗೆ ಅವಳು ಗಂಡನಿಗೆ ಬರೆದ ಪತ್ರದ ಸಾಲು: "ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದು ಸಲ ಬಂದು ಕರೆದುಕೊಂಡು ಹೋಗಿರಿ." ನಾಗಪತಿಯವರಿಗೆ ಯಾಕೋ ಇರುಸುಮುರುಸಾಯಿತು. ಇನ್ನೊಬ್ಬರ ಮನೆಯ ಅಳುವನ್ನು ಕಿಟಕಿಯಲ್ಲಿ ನಿಂತು ಕೇಳಿದ ಹಾಗೆ.

ಮಹಿಳಾ ಕಾನ್‌ಸ್ಟೆಬಲ್ ದಿವ್ಯಾರನ್ನೂ, ವಸ್ತು ಗುರುತಿಸಲು ಸೌಮ್ಯರನ್ನೂ ಕರೆದುಕೊಂಡು ಅವರು ಎಕ್ಕಂಬಿ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮಹೇಶ್ವರಿಗೆ ಎಪ್ಪತ್ತು ಸಮೀಪಿಸಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಜೀಪು ಕಂಡು ಗಾಬರಿಯಾಗಲಿಲ್ಲ.

"ಬರ್ರಿ. ಕುಂದರ್ರಿ."

"ಗಂಟು ನೀವೇ ತಂದದ್ದಾ?"

"ಹೌದ್ರಿ."

"ಎಲ್ಲಿದೆ?"

"ಯಾರದೈತೋ ಅವರ ಕಡೆನ ಐತಿ."

ಗಿರಿಜವ್ವ ಸಾಯುವ ಮುಂಚೆ ಮೊಮ್ಮಗಳು ಮಹೇಶ್ವರಿಯ ಕೈಗೆ ಗಂಟು ಕೊಟ್ಟು, ಓದಬೇಡ, ನನ್ನ ಜೊತೆ ಮಣ್ಣಿಗೆ ಹಾಕು ಎಂದಿದ್ದಳಂತೆ. ಲಿಂಗಾಯತರಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಆ ದಿನ ಹದಿನೆಂಟರ ಹುಡುಗಿ ಗಂಟು ಹಿಡಿದು ಕುಣಿಯ ಹತ್ತಿರ ಹೋದರೆ ಹಿರಿಯರು ಗದರಿಸಿದರು. ಕುಣಿಯೊಳಗೆ ವಿಭೂತಿ, ಪತ್ರೆ ಬಿಟ್ಟು ಬೇರೇನೂ ಇಲ್ಲ, ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಎಂದರು. ಹುಡುಗಿ ಹೆದರಿ ಹಿಂದೆ ಸರಿದಳು. ಅಂದಿನಿಂದ ಗಂಟು ಮನೆಯ ಟ್ರಂಕಿನಲ್ಲೇ ಉಳಿಯಿತು, ಟ್ರಂಕು ಈಚೆಗೆ ಶರಣನ ಪಾಲಿಗೆ ಬಂದಿತ್ತು.

ಹೊಲದ ಅಂಚಿನಲ್ಲಿ ಗಿರಿಜವ್ವನ ಸಮಾಧಿಯ ಕಲ್ಲುಕಟ್ಟೆ. ಅದರ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ಪಂಚರಾಗಿ ಬಂದ ಊರಿನ ಇಬ್ಬರು ಸಹಿ ಹಾಕಲು ಒಪ್ಪಿದರು, ಸಲಿಕೆ ಮುಟ್ಟಲು ಒಪ್ಪಲಿಲ್ಲ. ಚನ್ನಯ್ಯ ಬೂಟು ಬಿಚ್ಚಿ ದೂರ ನಿಂತುಬಿಟ್ಟರು. ನಾಗಪತಿ ಸಲಿಕೆ ತಾವೇ ತೆಗೆದುಕೊಂಡರು.

"ಬ್ಯಾಡ್ರಿ ಸಾಹೇಬ್ರ," ಎಂದರು ಮಹೇಶ್ವರಿ. "ಆಕಿ ಮ್ಯಾಲ ಬ್ಯಾರೇದವರ ಸಲಿಕಿ ಬೀಳೋದು ಬ್ಯಾಡ. ನಾನ ತಗದು ಕೊಡ್ತೀನಿ."

ಮಂಡಿಯೂರಿ ಕೈಯಲ್ಲೇ ಮಣ್ಣು ಬಗೆದರು. ದಿವ್ಯಾ ಸಹಾಯಕ್ಕೆ ಬಗ್ಗಿದ್ದನ್ನು ತಡೆದರು. ಕೆಂಪು ಬಟ್ಟೆಯ ಗಂಟು ಹೊರಬಂತು. ಮಣ್ಣು ಕೊಡವಿ, ಕಣ್ಣಿಗೊತ್ತಿಕೊಂಡು ನಾಗಪತಿಯವರ ಕೈಗಿಟ್ಟರು.

"ಬಿಚ್ಚಿ ಒಂದೊಂದೇ ಕಾಗದ ಬರಕೋಬೇಕಲ್ರಿ ಸರ," ಚನ್ನಯ್ಯ ನೆನಪಿಸಿದರು. "ಮೊದಲ ಸಾಲು ಓದಿ ಪಂಚರಿಗೆ ಕೇಳಸಬೇಕಾಗತೈತಿ."

ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಮಹೇಶ್ವರಿಯ ಮುಖ ಆಗ ಕುಸಿಯಿತು. "ಇಷ್ಟು ಮಂದಿ ಮುಂದ ಓದಬ್ಯಾಡ್ರೀಪಾ."

ನಾಗಪತಿ ಸೌಮ್ಯರ ಕಡೆ ನೋಡಿದರು.

"ಬಿಚ್ಚೂದು ಬೇಡ ಸರ್. ಬಟ್ಟೆ ಅದೇ. ಈ ಗಂಟು ನಾನೇ ಹಾಕಿದ್ದು."

ಜಪ್ತಿ ಪಂಚನಾಮೆಯಲ್ಲಿ ಹಾಗೆಯೇ ಬರೆದರು: ಕೆಂಪು ಬಟ್ಟೆಯ ಗಂಟು ಒಂದು, ಪಿರ್ಯಾದಿ ಗುರುತಿಸಿದ್ದು, ಬಿಚ್ಚದೆ ಸೀಲು ಮಾಡಿದ್ದು. ಕೋರ್ಟಿನಲ್ಲಿ ಇದಕ್ಕೆ ಬೈಸಿಕೊಳ್ಳುವುದು ಖಂಡಿತ ಎಂದು ಅವರಿಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ದಸ್ತಗಿರಿ. ದಿವ್ಯಾ ತೋಳು ಹಿಡಿದು ಜೀಪಿನ ಬಳಿಗೆ ಕರೆತಂದಾಗ ಮಹೇಶ್ವರಿ ಕೇಳಿದರು, "ಸೀಲು ಹಾಕಿದ್ರಿ. ಇನ್ನ ಯಾರೂ ಓದಂಗಿಲ್ಲಲ್ರಿ?"

ಸುಳ್ಳು ಹೇಳಿದ್ದರೆ ಆ ಕ್ಷಣ ಕಳೆದುಹೋಗುತ್ತಿತ್ತು. ನಾಗಪತಿಯವರಿಗೆ ಬಾಯಿ ಬರಲಿಲ್ಲ. "ಈ ಮೇಡಂ ಹತ್ರ ಎಲ್ಲಾದ್ರ ಫೋಟೋ ಇದೆ ಅಮ್ಮ."

ಮಹೇಶ್ವರಿ ಸೌಮ್ಯರ ಕಡೆ ತಿರುಗಿದರು.

"ಅಂದ್ರ ನೀ ಎಲ್ಲಾ ಓದೀಯೇನವಾ?"

"ಓದಿದೇನೆ ಅಮ್ಮ."

"ನಾ ಒಂದೂ ಓದಿಲ್ಲ. ಐವತ್ತು ವರ್ಷ ಇಟಗೊಂಡಿದ್ದೆ, ಓದಬ್ಯಾಡ ಅಂದಿದ್ಲು, ಓದಲಿಲ್ಲ. ಕಾರ್ಡಿನ್ಯಾಗ ಕಂಡಿದ್ದ ಅದೊಂದ ಸಾಲು. ಯಾರ ಮುಂದೂ ತಲಿ ಬಗ್ಗಸದಾಕಿ, ಆಕಿ ಕಾಲಿಗೆ ಬಿದ್ದಿದ್ದನ್ನ ಊರೆಲ್ಲ ಹಂಚಿದ್ರಿ." ಮತ್ತೆ ಕೇಳಿದರು, "ಅಷ್ಟು ಕರದಾಳಲ್ಲ, ಅಜ್ಜ ಬಂದಿದ್ನೇನು?"

"ಅಜ್ಜಂಗೆ ಗೊತ್ತೇ ಇಲ್ಲಮ್ಮ. ನಿಮ್ಮಜ್ಜಿ ಒಂದು ಕಾಗದಾನೂ ಅಂಚೆಗೆ ಹಾಕಲಿಲ್ಲ. ಹಾಕಿದ್ರೆ ಇವು ಅವಳ ಪೆಟ್ಟಿಗೇಲಿ ಹ್ಯಾಗೆ ಉಳೀತಿದ್ವು?"

ಎಷ್ಟು ಸೀದಾ ವಿಷಯ! ಇಪ್ಪತ್ತು ವರ್ಷ ತನಿಖೆ ಮಾಡಿದ ತಮಗೂ ಅದು ಹೊಳೆದಿರಲಿಲ್ಲವೆಂದು ನಾಗಪತಿಯವರಿಗೆ ನಾಚಿಕೆಯಾಯಿತು.

"ಹಂಗಾದ್ರ ಆಕಿ ಬಿದ್ದಿಲ್ಲ ಯಾರ ಕಾಲಿಗೂ."

"ಬಿದ್ದಿಲ್ಲ."

"ಅದನ್ನ ಯಾಕ ಬರಸಲಿಲ್ಲವಾ ಕಾರ್ಡಿನ್ಯಾಗ?"

ಸೌಮ್ಯ ಕೈಚೀಲದಿಂದ ಆಮಂತ್ರಣದ ಕಾರ್ಡು ತೆಗೆದು ಆ ಸಾಲನ್ನು ಮತ್ತೆ ಓದಿದರು. ಬಂದ ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ.

ಮರುದಿನ ಮಹೇಶ್ವರಿಗೆ ಜಾಮೀನಾಯಿತು. ಜಾಮೀನಿಗೆ ನಿಂತವನು ಶರಣ. ಭಾನುವಾರದ ಕಾರ್ಯಕ್ರಮ ನಡೆಯಲಿಲ್ಲ. ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ನಾಗಪತಿ 'ಅಜ್ಜಿಯ ಮೇಲಿನ ಪ್ರೀತಿ' ಎಂದು ಬರೆದಿದ್ದರು. ಮೇಲಿನವರು ಅದನ್ನು ಹೊಡೆದುಹಾಕಿ 'ಕುಟುಂಬದ ಮರ್ಯಾದೆ' ಎಂದು ತಿದ್ದಿಸಿದರು. ನಾಗಪತಿ ತಿದ್ದಿದರು, ಆದರೆ ತಮ್ಮ ಬಳಿಯ ಪ್ರತಿಯಲ್ಲಿ ತಿದ್ದಲಿಲ್ಲ.