ಗಸ್‌ನ ಪಟ್ಟಿಯ ಏಳನೇ ಕಾರ್ಡು

ಡಬ್ಬಿಯೊಳಗೆ ಇಬ್ಬರ ಕೈಯೂ ಒಂದೇ ಕಾರ್ಡಿನ ಮೇಲೆ ಬಿತ್ತು.

ರಮೋನಾ ತಲೆ ಎತ್ತಿದಳು. ಎದುರಿಗೆ ವೆಸ್ಲಿ!

ಆರು ತಿಂಗಳಾಗಿತ್ತು ಆ ಮುಖ ನೋಡಿ. ಗಡ್ಡ ಬಂದಿತ್ತು. ಕೆನ್ನೆ ಇಳಿದುಹೋಗಿತ್ತು. ಅವಳ ಎದೆ ಧಸಕ್ಕೆನ್ನಬೇಕಿತ್ತು... ಎನ್ನಲಿಲ್ಲ.

"ಮೋನಾ..."

"ಕೈ ತೆಗಿ. ಮೊದಲು ಹಿಡಿದಿದ್ದು ನಾನು."

ಅವನು ಕೈ ಹಿಂದಕ್ಕೆಳೆದುಕೊಂಡ.

ಫೆಬ್ರವರಿಯಲ್ಲಿ ಅವಳ ಅಣ್ಣ ಗಸ್ ಹೃದಯಾಘಾತದಿಂದ ತೀರಿಕೊಂಡಿದ್ದ. ನಲವತ್ತೊಂದೇ ವರ್ಷ. ಅವನನ್ನು ಮಣ್ಣು ಮಾಡಿ ಬಂದ ದಿನದಿಂದ ಅವಳೊಳಗೆ ಏನೂ ಅಲುಗಾಡುತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಅಷ್ಟೇ.

ಕಳೆದ ವಾರ ಅವನ ಮೇಜಿನ ಡ್ರಾಯರಿನಲ್ಲಿ ಒಂದು ಪಟ್ಟಿ ಸಿಕ್ಕಿತ್ತು. ಒಂಬತ್ತನೇ ವಯಸ್ಸಿನಿಂದ ಗಸ್ ಕೂಡಿಸುತ್ತಿದ್ದ, ಆಟಗಾರರ ಚಿತ್ರವಿರುವ, 1971ರ ಕಪ್ಪು ಅಂಚಿನ ಬೇಸ್‌ಬಾಲ್ ಕಾರ್ಡುಗಳ ಸೆಟ್ಟು. ಅದರಲ್ಲಿ ಸಿಗದೆ ಉಳಿದಿದ್ದ ಏಳೇ ಏಳು ಕಾರ್ಡುಗಳ ಪಟ್ಟಿ ಅದು.

ಅದನ್ನು ಹಿಡಿದುಕೊಂಡೇ ಅವಳು ಕ್ಲೀವ್‌ಲ್ಯಾಂಡಿನ ಈ ದೊಡ್ಡ ಕಾರ್ಡು ಸಂಗ್ರಾಹಕರ ಸಮಾವೇಶಕ್ಕೆ ಬಂದಿದ್ದಳು. ಅದೂ ಕೊನೆಯ ದಿನ, ಭಾನುವಾರ. ಮಾರಾಟವಾಗದ ಡಬ್ಬಿಗಳನ್ನು ಮತ್ತೆ ವ್ಯಾನಿಗೆ ಹೊರುವುದು ಯಾರಿಗೂ ಬೇಡ. ಬೆಲೆ ಇಳಿಯುವುದು ಆಗಲೇ ಎಂದು ಗಸ್ ವರ್ಷವರ್ಷವೂ ಹೇಳುತ್ತಿದ್ದ.

ಬೆಲೆ ಇಳಿದದ್ದೇನೋ ನಿಜ. ಅದೂ ಗಸ್‌ಗೂ ಎಂದೂ ದಕ್ಕದಷ್ಟು!

"ನಲವತ್ತು ಡಾಲರ್" ಎಂದಿದ್ದ ಬೆಳಿಗ್ಗೆ ಒಬ್ಬ ವ್ಯಾಪಾರಿ. ರಮೋನಾ ಅವನನ್ನೇ ನೋಡುತ್ತ ನಿಂತಿದ್ದಳು.

"ಸರಿ, ಮೂವತ್ತೆರಡು."

ಅವಳು ನೋಡುತ್ತಲೇ ಇದ್ದಳು.

"ಅಯ್ಯೋ, ಹಂಗ್ ನೋಡ್ಬೇಡಮ್ಮ! ಇಪ್ಪತ್ತೈದು ಕೊಟ್ಟು ತಗೊಂಡ್ಹೋಗು!"

ಭಾರೀ ಗಟ್ಟಿಗಿತ್ತಿ ಎಂದುಕೊಂಡರು ಎಲ್ಲರೂ. ಅವಳಿಗೆ ಏನೂ ಅನಿಸುತ್ತಿರಲಿಲ್ಲ ಎಂಬುದು ಯಾರಿಗೆ ಗೊತ್ತು? ಊಟದ ಹೊತ್ತಿಗೆ ಆರು ಕಾರ್ಡುಗಳು ಅವಳ ಚೀಲ ಸೇರಿದ್ದವು.

ಏಳನೆಯದರ ಮೇಲೆ ಈಗ ವೆಸ್ಲಿಯ ಕಣ್ಣು!

ವೆಸ್ಲಿ, ಗಸ್‌ನ ಬಾಲ್ಯದ ಗೆಳೆಯ. ಇಂಥ ಸಮಾವೇಶಗಳಲ್ಲಿ ಇಬ್ಬರೂ ಸೇರಿ ಒಂದೇ ಟೇಬಲ್ಲು ಹಾಕಿ ಕಾರ್ಡು ಮಾರುತ್ತಿದ್ದರು. ಬರುವ ಅಕ್ಟೋಬರಿನಲ್ಲಿ ರಮೋನಾ ಮದುವೆಯಾಗಬೇಕಿದ್ದದ್ದೂ ಅವನನ್ನೇ. ಆದರೆ ಗಸ್‌ನ ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿಯೇ ಉಳಿದಿತ್ತು. ಆಮೇಲೆ ಅವನ ಒಂದು ಫೋನನ್ನೂ ಅವಳು ಎತ್ತಲಿಲ್ಲ. ಉಂಗುರವನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದಳು.

ಅವಳ ಕಣ್ಣು ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರುಗಳ ಮೇಲೆ ಬಿತ್ತು. ಕಪ್ಪು ಅಂಚಿನ ಆರು ಕಾರ್ಡುಗಳು. ಅವಳ ಚೀಲದಲ್ಲಿದ್ದಂಥವೇ, ಅದೇ ಆರು!

'ಗಸ್‌ನ ಪಟ್ಟಿ ಇವನಿಗೂ ಬಾಯಿಪಾಠ...'

"ಅವನು ಅರ್ಧಕ್ಕೆ ಬಿಟ್ಟಿದ್ದನ್ನ ನೀನು ಪೂರ್ತಿ ಮಾಡಿ ಮಾರ್ಕೋತೀಯಾ?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಮಣ್ಣಿಗೆ ಬರೋಕೆ ಪುರುಸೊತ್ತಿರ್ಲಿಲ್ಲ. ವ್ಯಾಪಾರಕ್ಕೆ ಇದೆ."

ವೆಸ್ಲಿಯ ಮುಖ ಬಿಳಿಚಿಕೊಂಡಿತು. ತಿರುಗಿ ಹೋಗಿಬಿಟ್ಟ.

"ಏ ಹುಡುಗಿ!"

ಕರೆದವಳು ಟೇಬಲ್ಲಿನ ಒಡತಿ ಓಪಲ್. ಎಪ್ಪತ್ತು ದಾಟಿದ ಮುದುಕಿ.

"ನೀನೇನಾ ಗಸ್‌ನ ತಂಗಿ?"

"ಹೌದು."

"ಬುಧವಾರದಿಂದ ಆ ಹುಡುಗ ಈ ಸಾಲುಗಳಲ್ಲಿ ಸುತ್ತುತ್ತಾ ಇದ್ದಾನೆ ಕಣೇ. ಈ ಸಲ ಟೇಬಲ್ಲೇ ಹಾಕಿಲ್ಲ. ಯಾಕೋ ಅಂದೆ. 'ಗಸ್‌ನ ಸೆಟ್ಟು ಮುಗಿಸಿ ಅವನ ತಂಗಿಗೆ ಕೊಡ್ಬೇಕು. ಯಾವ ಮುಖ ಇಟ್ಕೊಂಡು ಹೋಗೋದು ಅನ್ನೋದೇ ಗೊತ್ತಾಗ್ತಿಲ್ಲ' ಅಂದ."

ರಮೋನಾ ಕೈಯಲ್ಲಿದ್ದ ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟಳು.

ಸಾಲಿನ ಕೊನೆಯಲ್ಲಿ, ಯಾರೋ ಖಾಲಿ ಮಾಡಿದ್ದ ಟೇಬಲ್ಲಿನ ಹಿಂದೆ, ಮಡಚುವ ಕುರ್ಚಿಯೊಂದರ ಮೇಲೆ ಅವನು ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ಅವತ್ತು ಯಾಕೆ ಬರ್ಲಿಲ್ಲ?"

"ಬಂದಿದ್ದೆ."

"ಸುಳ್ಳು."

"ಚರ್ಚಿನ ಎದುರು ರಸ್ತೆಯಲ್ಲಿ, ಟ್ರಕ್ಕಿನೊಳಗೆ. ಟೈ ಕಟ್ಕೊಂಡಿದ್ದೆ, ಬಾಗಿಲಿನ ಹಿಡಿಕೆ ಹಿಡ್ಕೊಂಡಿದ್ದೆ. ಇಳಿಯೋಕಾಗ್ಲಿಲ್ಲ ಮೋನಾ. ಇಳಿದ್ರೆ ಅವನು ನಿಜವಾಗ್ಲೂ ಸತ್ತ ಹಾಗೆ..." ಅವನು ಕೈಯಲ್ಲಿದ್ದ ಕವರುಗಳನ್ನು ಮಡಿಲಲ್ಲಿಟ್ಟುಕೊಂಡ. "ನೀನು ಅಮ್ಮನ ಕೈ ಹಿಡ್ಕೊಂಡು ಹೊರಗೆ ಬಂದೆ. ನೀಲಿ ಕೋಟು. ಗುಂಡಿಗಳನ್ನ ತಪ್ಪು ತೂತಿಗೆ ಹಾಕ್ಕೊಂಡಿದ್ದೆ ನೀನು. ಹೋಗಿ ಸರಿ ಮಾಡ್ಬೇಕು ಅನಿಸ್ತು. ಅದಕ್ಕೂ ಇಳೀಲಿಲ್ಲ. ಹೇಡಿ ನಾನು."

ಗುಂಡಿ...! ಮನೆಗೆ ಬಂದ ಮೇಲೆ ಅಮ್ಮ ಅದನ್ನು ಸರಿಮಾಡಿದ್ದಳು. ಅಲ್ಲಿದ್ದು ಕಣ್ಣಾರೆ ನೋಡದವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು.

"ನಾನು ಒಳಗಿದ್ದೆ ಅಷ್ಟೇ, ವೆಸ್. ಪಾದ್ರಿ ಏನ್ ಹೇಳಿದ್ರೋ, ಯಾರ್ಯಾರು ಬಂದಿದ್ರೋ... ಒಂದೂ ನೆನಪಿಲ್ಲ. ಇವತ್ತಿನವರೆಗೂ ಒಂದು ಹನಿ ಕಣ್ಣೀರು ಬಂದಿಲ್ಲ. ನನಗೆ ಏನೋ ಆಗಿದೆ."

"ಏನೂ ಆಗಿಲ್ಲ. ಅವನು ಹೋದ. ಅಷ್ಟೇ ಆಗಿರೋದು."

ಸುತ್ತಲೂ ವ್ಯಾಪಾರಿಗಳು ಡಬ್ಬಿಗಳಿಗೆ ಟೇಪು ಅಂಟಿಸುತ್ತಿದ್ದರು.

ಓಪಲ್ ಕುಂಟುತ್ತ ಬಂದವಳೇ ಕಾರ್ಡನ್ನು ಅವರಿಬ್ಬರ ನಡುವೆ ಹಿಡಿದಳು.

"ಐವತ್ತಕ್ಕೆ ಇಟ್ಟಿದ್ದೆ. ಇಬ್ಬರೂ ಸೇರಿ ಕೊಳ್ಳೋದಾದ್ರೆ ಇಪ್ಪತ್ತು. ಒಬ್ಬರಿಗಾದ್ರೆ ಮಾರೋದೇ ಇಲ್ಲ!"

ರಮೋನಾ ಹತ್ತು ಡಾಲರ್ ತೆಗೆದಳು. ವೆಸ್ಲಿಯೂ ಹತ್ತು ತೆಗೆದ. ಮುದುಕಿ ದುಡ್ಡು ಜೇಬಿಗಿಳಿಸಿ, ಕಾರ್ಡನ್ನು ರಮೋನಾಳ ಕೈಗಿತ್ತು, ತಿರುಗಿಯೂ ನೋಡದೆ ಹೊರಟುಹೋದಳು.

"ನನಗೆ ಈಗಲೂ ಏನೂ ಅನಿಸ್ತಿಲ್ಲ, ವೆಸ್. ಸಿಟ್ಟೂ ಇಲ್ಲ, ಖುಷಿನೂ ಇಲ್ಲ."

"ಬೇಡ ಬಿಡು. ಅನಿಸೋವರೆಗೂ ಪಕ್ಕದಲ್ಲಿ ಕೂತಿರ್ತೀನಿ. ನೀನು ಬೇಡ ಅನ್ನದಿದ್ರೆ."

"ಈ ಸಲ ಇಳಿದು ಬರ್ತೀಯಾ?"

"ನಿನ್ನಾಣೆ. ನಿನ್ನನ್ನ ಬಿಟ್ಟಿರೋಕೆ ನನ್ನಿಂದ ಆಗ್ತಿಲ್ಲ ಮೋನಾ."

ಅವಳು ಏಳನೇ ಕಾರ್ಡನ್ನು ಚೀಲದಲ್ಲಿದ್ದ ಆರರ ಜೊತೆ ಸೇರಿಸಿದಳು. ಆಮೇಲೆ, ತನಗೇ ಅಚ್ಚರಿಯಾದಂತೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ವೆಸ್... ನನಗೆ ಹಸಿವಾಗ್ತಿದೆ. ಫೆಬ್ರವರಿಯಿಂದ ಇದೇ ಮೊದಲು."

ಅವನು ನಕ್ಕ. ಕಣ್ಣು ತುಂಬಿ ಹರಿಯಿತು.

"ಏನ್ ತಿಂತೀಯ?"

"ಏನಾದ್ರೂ ಸರಿ..." ಅವಳು ಅವನ ಕೈಯನ್ನು ಹಿಡಿದುಕೊಂಡಳು. "ನೀನು ಎದುರಿಗೆ ಕೂತಿದ್ರೆ ಸಾಕು."